ಕೋಟೆನಾಡಿನ ಬೇಕರಿ: ಪಫ್ಸ್ ಮತ್ತು ಕಾಫಿ ಕೊಳ್ಳುವವರಿಗೊಂದು ಕೈಪಿಡಿ

ಯುರೋಪಿನ ಅಡುಗೆ ಪರಂಪರೆಯಲ್ಲಿ ಪೇಸ್ಟ್ರಿ ಎಂದರೆ ಗೋಧಿ ಹಿಟ್ಟು ಮತ್ತು ಜಿಡ್ಡನ್ನು ಹದವಾಗಿ ಸೇರಿಸಿ, ಓವನ್ನಿನ ಒಣ ಶಾಖದಲ್ಲಿ ಬೇಯಿಸಿದ, ಪದರು ಪದರಾಗಿಯೋ ಪುಡಿಪುಡಿಯಾಗಿಯೋ ಬಾಯಲ್ಲಿ ಮುರಿಯುವ ತಿನಿಸುಗಳ ಒಂದು ದೊಡ್ಡ ವರ್ಗ; ಕರ್ನಾಟಕದ ಪಟ್ಟಣಗಳ ಬೇಕರಿಯಲ್ಲಾದರೋ ಪೇಸ್ಟ್ರಿ ಕೇಳಿದವರ ಕೈಗೆ ಬರುವುದು ಕ್ರೀಮ್ ಮೆತ್ತಿದ ಕೇಕಿನ ಒಂದು ತುಂಡು. ಆದ್ದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನು ಒಳಗೊಂಡ ಕೋಟೆನಾಡಿನ ಸೀಮೆಯಲ್ಲಿ ಯುರೋಪಿಯನ್ ಮಾದರಿಯ ಪೇಸ್ಟ್ರಿಯನ್ನು ಹುಡುಕುವವರು ತಂಪು ಪೆಟ್ಟಿಗೆಯ ಕಡೆಗಲ್ಲ, ಅದರ ಪಕ್ಕದಲ್ಲಿ ಪಫ್ಸ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ರಸ್ಕ್ ಇಟ್ಟಿರುವ ತಟ್ಟೆಗಳ ಕಡೆಗೆ ನೋಡಬೇಕು. ಈ ತಿನಿಸುಗಳನ್ನು ದೊಡ್ಡ ನಗರದ ಕೆಫೆಗಳ ಅಗ್ಗದ ನಕಲೆಂದು ಬಗೆಯುವ ರೂಢಿಯೊಂದಿದೆ, ಅದು ಸರಿಯಲ್ಲ. ಇವು ಒಂದು ಶತಮಾನಕ್ಕೂ ಹಿಂದೆ ಈ ನಾಡಿಗೆ ಬಂದು, ಇಲ್ಲಿನ ಬಿಸಿಲಿಗೂ ಇಲ್ಲಿನ ಊಟದ ಕಟ್ಟುಪಾಡಿಗೂ ಹೊಂದಿಕೊಂಡ ಕಸುಬಿನ ಫಲಗಳಾಗಿದ್ದು, ಅವು ಭಟ್ಟಿಯಿಂದ ಇಳಿಯುವ ಹೊತ್ತನ್ನೂ ಅವುಗಳಲ್ಲಿ ಬಳಸಿದ ಜಿಡ್ಡಿನ ಗುಣವನ್ನೂ ಅರಿತು ಕೊಂಡವರಿಗೆ ಯಾವ ಕೆಫೆಗೂ ಕಡಿಮೆಯಿಲ್ಲದ ರುಚಿಯನ್ನು ಕೊಡುತ್ತವೆ.

ಕನ್ನಡನಾಡಿನಲ್ಲಿ ಬೇಕರಿಯ ಕಸುಬು ಬೇರೂರಿದ್ದು ಬೆಂಗಳೂರಿನ ದಂಡು ಪ್ರದೇಶದ ನೆರಳಿನಲ್ಲಿ. 1809ರಲ್ಲಿ ಅಲ್ಲಿ ಬ್ರಿಟಿಷ್ ಸೇನೆ ನೆಲೆಯೂರಿದ ಮೇಲೆ ಬ್ರೆಡ್ಡು, ಬನ್ನು, ಕೇಕುಗಳಿಗೆ ಬೇಡಿಕೆ ಹುಟ್ಟಿತಾದರೂ, ಅವು ಪೇಟೆಯ ಸಸ್ಯಾಹಾರಿ ಮನೆಗಳ ಹೊಸ್ತಿಲು ದಾಟಲು ಬಹುಕಾಲ ಹಿಡಿಯಿತು. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ತೆರೆದ ಬಿ.ಬಿ. ಬೇಕರಿ, ಅಂದರೆ ಬೆಂಗಳೂರು ಬ್ರದರ್ಸ್ ಬೇಕರಿ, ಆ ಹೊಸ್ತಿಲನ್ನು ದಾಟಿಸಿದ ಮೊದಲ ಅಯ್ಯಂಗಾರ್ ಬೇಕರಿ ಎಂದು ಹೆಸರಾಗಿದೆ. ಆಂಗ್ಲರೊಬ್ಬರಿಂದ ಅವರು ಈ ವಿದ್ಯೆಯನ್ನು ಕಲಿತರೆಂಬ ಮಾತು ಪ್ರಚಾರದಲ್ಲಿದೆ. ಇದೇ ಕಾಲಕ್ಕೆ, 1902ರಲ್ಲಿ, ಆರಂಭವಾದ ದಂಡಿನ ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ ಮೊಟ್ಟೆ ಮಾಂಸಗಳ ತಿನಿಸಿನ ಇನ್ನೊಂದು ಧಾರೆಯನ್ನು ಬೆಳೆಸಿತು. 1953ರಲ್ಲಿ ವಿಶ್ವೇಶ್ವರಪುರದಲ್ಲಿ ಶುರುವಾದ ವಿ.ಬಿ. ಬೇಕರಿಯ ಹೊತ್ತಿಗೆ ಖಾರದ ಬನ್ನು, ಕಾಂಗ್ರೆಸ್ ಕಡಲೆಬೀಜ, ಬೆಣ್ಣೆ ಬಿಸ್ಕತ್ತುಗಳ ಒಂದು ನಿಶ್ಚಿತ ಪಟ್ಟಿ ಸಿದ್ಧವಾಗಿತ್ತು. ಹಾಸನ ಸೀಮೆಯ ಕುಟುಂಬಗಳು ಒಬ್ಬರ ಬೆನ್ನಿಗೆ ಇನ್ನೊಬ್ಬರು ಬಂದು, ನೆಂಟರ ಭಟ್ಟಿಯಲ್ಲಿ ಕೆಲಸ ಕಲಿತು, ಬಳಿಕ ಬೇರೆ ಬೇರೆ ಊರುಗಳಲ್ಲಿ ತಮ್ಮದೇ ಅಂಗಡಿ ತೆರೆದುದರಿಂದ ಈ ಪಟ್ಟಿ ರಾಜ್ಯದ ಮೂಲೆಮೂಲೆಗೂ ಹಬ್ಬಿತು. ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ ಹಿರಿಯೂರು, ಚಿತ್ರದುರ್ಗಗಳಲ್ಲಿ ಇಂದು ಅಯ್ಯಂಗಾರ್ ಬೇಕರಿ ಎಂಬ ಫಲಕ ಸಾಮಾನ್ಯವಾದುದು. ಆದರೆ ಈ ಹೆಸರು ಈಗ ಒಂದು ಮನೆತನಕ್ಕಿಂತ ಹೆಚ್ಚಾಗಿ ಒಂದು ಶೈಲಿಯನ್ನು ಸೂಚಿಸುತ್ತದೆಯಾದ್ದರಿಂದ, ಫಲಕವನ್ನು ನೋಡಿ ಒಳಗಿನದೆಲ್ಲ ಮೊಟ್ಟೆಯಿಲ್ಲದ್ದೆಂದು ನಿಶ್ಚಯಿಸಬಾರದು. ಎಗ್ ಪಫ್ಸ್ ಮಾರುವ ಅಂಗಡಿಯಲ್ಲಿ ಎರಡು ಬಗೆಯ ಪಫ್ಸೂ ಒಂದೇ ತಟ್ಟೆಯಲ್ಲಿ ಬೆಂದಿರಬಹುದು. ಮೊಟ್ಟೆ ಮುಟ್ಟದ ಮನೆಗಳೂ ಇರುವ ಈ ಸೀಮೆಯಲ್ಲಿ ಗಿರಾಕಿಗಳು ಮೊಟ್ಟೆ ಸೇರಿದೆಯೇ ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳುತ್ತಾರೆ, ಅಂಗಡಿಯವರೂ ಬೇಸರಿಸದೆ ಉತ್ತರಿಸುತ್ತಾರೆ.

ಬೇಕರಿಯ ಕೈಚಳಕವನ್ನು ಅಳೆಯಲು ಪಫ್ಸಿಗಿಂತ ಉತ್ತಮವಾದ ತಿನಿಸಿಲ್ಲ. ಇದರ ಹಿಟ್ಟಿನಲ್ಲಿ ಈಸ್ಟ್ ಆಗಲಿ ಸೋಡಾ ಆಗಲಿ ಇರುವುದಿಲ್ಲ; ಅದು ಉಬ್ಬುವುದು ಮಡಿಕೆಯ ಬಲದಿಂದ. ಮೈದಾ, ನೀರು, ಉಪ್ಪು, ಸ್ವಲ್ಪ ಜಿಡ್ಡು ಸೇರಿಸಿ ನಾದಿದ ಕಣಕವನ್ನು ಮೇಜಿನ ಮೇಲೆ ಚೌಕವಾಗಿ ಲಟ್ಟಿಸಿ, ಅದರ ಮೇಲೆ ಗಟ್ಟಿ ಜಿಡ್ಡನ್ನು ಒಂದೇ ದಪ್ಪಕ್ಕೆ ಹರಡಿ, ಕಾಗದವನ್ನು ಮಡಿಸುವಂತೆ ಮೂರು ಮಡಿಕೆ ಮಾಡಿ, ತಣ್ಣಗಿನ ಜಾಗದಲ್ಲಿ ಕೆಲ ಹೊತ್ತು ಬಿಟ್ಟು, ಮತ್ತೆ ಲಟ್ಟಿಸಿ ಮಡಿಸುತ್ತಾರೆ. ಪ್ರತಿ ಮಡಿಕೆಗೂ ಪದರಗಳ ಸಂಖ್ಯೆ ಮೂರು ಪಟ್ಟಾಗುವುದರಿಂದ ನಾಲ್ಕು ಸಲ ಮಡಿಸಿದರೆ 81, ಐದು ಸಲಕ್ಕೆ 243, ಫ್ರೆಂಚ್ ಪದ್ಧತಿಯಂತೆ ಆರು ಸಲ ಮಡಿಸಿದರೆ 729 ಜಿಡ್ಡಿನ ಪದರಗಳಾಗುತ್ತವೆ. ನಡುವೆ ಹಿಟ್ಟನ್ನು ವಿರಮಿಸಲು ಬಿಡದಿದ್ದರೆ, ಗ್ಲುಟೆನ್ ಎಂಬ ಗೋಧಿಯ ಅಂಟು ಬಿಗಿದುಕೊಂಡು ಲಟ್ಟಿಸಿದ ಹಾಳೆ ಹಿಂದಕ್ಕೆ ಕುಗ್ಗುತ್ತದೆ, ಬೆಂದ ಮೇಲೆ ಪಫ್ಸ್ ಸೊಟ್ಟಗಾಗುತ್ತದೆ. 200ರಿಂದ 220 ಡಿಗ್ರಿ ಸೆಲ್ಸಿಯಸ್ ಶಾಖದ ಭಟ್ಟಿಗೆ ಹೋದೊಡನೆ ಹಿಟ್ಟಿನಲ್ಲಿನ ನೀರು ಆವಿಯಾಗಿ ಹಿಗ್ಗುತ್ತದೆ, ಜಿಡ್ಡಿನ ಪದರ ಆ ಆವಿಯನ್ನು ಹೊರಹೋಗದಂತೆ ತಡೆದು ಮೇಲಿನ ಹಾಳೆಯನ್ನು ಎತ್ತುತ್ತದೆ, ಅಷ್ಟರಲ್ಲಿ ಹಿಟ್ಟು ಬೆಂದು ಆ ಎತ್ತರದಲ್ಲಿಯೇ ಗಟ್ಟಿಯಾಗಿ ನಿಲ್ಲುತ್ತದೆ.

ಹೀಗೆ ಆದ ಪಫ್ಸನ್ನು ಕೊಳ್ಳುವವರು ಮೇಲ್ಭಾಗದ ಹೊಳಪಿಗೆ ಮರುಳಾಗದೆ ಅದರ ಅಂಚನ್ನು ನೋಡಬೇಕು. ಒಳ್ಳೆಯ ಪಫ್ಸಿನ ಕತ್ತರಿಸಿದ ಅಂಚಿನಲ್ಲಿ ಎಳೆಎಳೆಯಾದ ಹಾಳೆಗಳು ಒಂದರ ಮೇಲೊಂದು ಬಿಡಿಬಿಡಿಯಾಗಿ ಕಾಣುತ್ತವೆ. ಅವು ಅಂಟಿಕೊಂಡು ಒಂದೇ ಗೋಡೆಯಂತಾಗಿದ್ದರೆ ಲಟ್ಟಿಸುವಾಗಲೇ ಜಿಡ್ಡು ಕರಗಿ ಹಿಟ್ಟಿನೊಳಗೆ ಇಂಗಿದೆ ಎಂದರ್ಥ. ತಳಭಾಗ ಮೇಲ್ಭಾಗದಷ್ಟೇ ಕಂದಾಗಿರಬೇಕು, ಬಿಳುಪಾಗಿದ್ದರೆ ಭಟ್ಟಿಯ ನೆಲ ಕಾದಿರಲಿಲ್ಲ. ಒಳಗೆ ತುಂಬಿದ ಪಲ್ಯಕ್ಕೆ ತಾಗುವ ಒಂದೆರಡು ಹಾಳೆಗಳು ಮೆತ್ತಗಿರುವುದು ಸಹಜ. ಅರ್ಧಕ್ಕಿಂತ ಹೆಚ್ಚು ಹಾಳೆಗಳು ಹಸಿ ಹಿಟ್ಟಿನ ಬಣ್ಣದಲ್ಲಿ ಮುದ್ದೆಯಾಗಿದ್ದರೆ ಪಲ್ಯದಲ್ಲಿ ನೀರು ಹೆಚ್ಚಿತ್ತು, ಇಲ್ಲವೆ ಬೇಯುವ ಮೊದಲೇ ಭಟ್ಟಿಯಿಂದ ತೆಗೆದಿದ್ದಾರೆ. ಕೊನೆಯ ಪರೀಕ್ಷೆ ನಾಲಿಗೆಯದು: ತಿಂದು ಮುಗಿಸಿದ ಮೇಲೆ ಅಂಗುಳಿಗೆ ಮೇಣದಂಥ ಲೇಪ ಹತ್ತಿದರೆ, ಬಳಸಿದ ಜಿಡ್ಡು ಬಾಯಿಯ ಶಾಖಕ್ಕೆ ಕರಗದಂಥದು.

ಆ ಮೇಣದ ಲೇಪಕ್ಕೆ ಕಾರಣವಾದ ಜಿಡ್ಡು ಪಟ್ಟಣದ ಭಟ್ಟಿಮನೆಗೆ ಏಕೆ ಬಂತು ಎಂಬುದನ್ನು ಅರಿತರೆ ಕಸುಬಿನವರ ಕಷ್ಟವೂ ತಿಳಿಯುತ್ತದೆ. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಯಲ್ಲಿ ಪೂರ್ತಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಪದರ ಮಡಿಕೆಗೆ ಅದು ಬಾಗುವಷ್ಟು ಮೆದುವಾಗಿಯೂ ಹರಿಯದಷ್ಟು ಗಟ್ಟಿಯಾಗಿಯೂ ಇರಬೇಕಾದ್ದರಿಂದ ಕೆಲಸದ ಕೋಣೆ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿರಬೇಕು. ಏಪ್ರಿಲ್ ತಿಂಗಳ ಹಿರಿಯೂರಿನಲ್ಲಿ, ಅದೂ ಉರಿಯುವ ಭಟ್ಟಿಯ ಪಕ್ಕದಲ್ಲಿ, ಹವಾನಿಯಂತ್ರಣವಿಲ್ಲದೆ ಇದು ಆಗದ ಮಾತು. ಆದ್ದರಿಂದ ನಲವತ್ತು ಡಿಗ್ರಿಯ ಸುಮಾರಿಗೆ ಕರಗುವ ವನಸ್ಪತಿ, ಅಂದರೆ ಜನರ ಮಾತಿನ ಡಾಲ್ಡಾ, ಮತ್ತು ಅದೇ ಜಾತಿಯ ಬೇಕರಿ ಮಾರ್ಗರೀನ್ ಬಳಕೆಗೆ ಬಂದವು; ಸಸ್ಯತೈಲವನ್ನು ಗಟ್ಟಿಯಾಗಿಸಿ ಮಾಡುವ ಈ ಜಿಡ್ಡುಗಳು ಅಗ್ಗವೂ ಹೌದು. ತೈಲವನ್ನು ಅರೆಬರೆ ಗಟ್ಟಿಯಾಗಿಸುವಾಗ ಹುಟ್ಟುವ, ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬು ಇವುಗಳ ದೊಡ್ಡ ದೋಷವಾಗಿತ್ತು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಈ ಜಿಡ್ಡುಗಳಲ್ಲಿ ಅದರ ಮಿತಿಯನ್ನು 2021ರಲ್ಲಿ ಶೇ. 3ಕ್ಕೂ 2022ರ ಜನವರಿಯಿಂದ ಶೇ. 2ಕ್ಕೂ ಇಳಿಸಿರುವುದರಿಂದ ಹಿಂದಿನ ಆತಂಕ ಬಹುಮಟ್ಟಿಗೆ ತಗ್ಗಿದೆಯಾದರೂ, ಇವುಗಳಲ್ಲಿ ಪರ್ಯಾಪ್ತ ಕೊಬ್ಬು ಹೆಚ್ಚೇ ಇರುತ್ತದೆ, ಪಫ್ಸ್ ದಿನನಿತ್ಯದ ಆಹಾರವಾಗಬಾರದೆಂಬ ಮಾತು ಹಾಗೆಯೇ ಉಳಿಯುತ್ತದೆ. ಬೆಣ್ಣೆಯಲ್ಲಿ ಮಾಡಿದ ಪದರದ ತಿನಿಸು ಬೇಕೆನ್ನುವವರು ನವೆಂಬರಿನಿಂದ ಫೆಬ್ರುವರಿಯವರೆಗಿನ ಚಳಿಯ ತಿಂಗಳುಗಳಲ್ಲಿ, ಒಂದೆರಡು ದಿನ ಮುಂಚಿತವಾಗಿ ಹೇಳಿ, ಬೆಣ್ಣೆಗೆ ತಗಲುವ ಹೆಚ್ಚಿನ ಬೆಲೆ ಕೊಡಲು ಒಪ್ಪಿ ಮಾಡಿಸಿಕೊಳ್ಳುವುದು ಮೇಲು.

ಕೆಫೆಗಳ ಮೂಲಕ ಈಚೆಗೆ ಪರಿಚಿತವಾಗಿರುವ ಕ್ರೋಸಾಂಟ್ ಈ ಪಫ್ಸಿನ ಹತ್ತಿರದ ನಂಟಸ್ತಿಕೆಯದು. ಅದರ ಹಿಟ್ಟಿನಲ್ಲಿ ಈಸ್ಟ್ ಇದ್ದು, ಪದರ ಮಡಿಕೆ ಸಾಮಾನ್ಯವಾಗಿ ಮೂರು ಸಲಕ್ಕೆ, ಅಂದರೆ 27 ಪದರಕ್ಕೆ ನಿಲ್ಲುತ್ತದೆ. ಹಾಗಾಗಿ ಹೊರಗೆ ಗರಿಯಾಗಿ, ಒಳಗೆ ಜೇನುಹುಟ್ಟಿನಂಥ ದೊಡ್ಡ ತೂತುಗಳೊಡನೆ ಮೆದುವಾಗಿರುತ್ತದೆ. ಆಸ್ಟ್ರಿಯಾದ ಅರ್ಧಚಂದ್ರಾಕಾರದ ಬನ್ನೊಂದನ್ನು ಆಗಸ್ಟ್ ಝಾಂಗ್ ಎಂಬ ವಿಯೆನ್ನಾದ ಉದ್ಯಮಿ 1830ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ತನ್ನ ಬೇಕರಿಯಲ್ಲಿ ಜನಪ್ರಿಯಗೊಳಿಸಿದ್ದು, ಬಳಿಕ ಫ್ರೆಂಚರು ಅದಕ್ಕೆ ಪದರದ ಹಿಟ್ಟನ್ನು ಅಳವಡಿಸಿದ್ದು ಇದರ ಚರಿತ್ರೆ. 1683ರ ವಿಯೆನ್ನಾ ಮುತ್ತಿಗೆಯ ವಿಜಯಕ್ಕಾಗಿ ಇದನ್ನು ಮಾಡಿದರೆಂಬ ಕಥೆಗೆ ಆಧಾರವಿಲ್ಲ. ಗಾತ್ರಕ್ಕೆ ಹೋಲಿಸಿದರೆ ಹಗುರವಾಗಿರುವುದು ಒಳ್ಳೆಯ ಕ್ರೋಸಾಂಟಿನ ಮೊದಲ ಲಕ್ಷಣ. ಪಟ್ಟಣದಲ್ಲಿ ಆ ಹೆಸರಿನಲ್ಲಿ ಸಿಗುವುದು ಭಾರವಾಗಿ, ಒಳಗೆ ಬ್ರೆಡ್ಡಿನಂತೆ ಒತ್ತೊತ್ತಾಗಿದ್ದರೆ, ಅದಕ್ಕೆ ಹೆಚ್ಚು ಹಣ ಕೊಡುವ ಬದಲು ಅದೇ ಅಂಗಡಿಯ ಬಿಸಿ ಪಫ್ಸನ್ನು ಆರಿಸುವುದೇ ವಿವೇಕ.

ಬೇಕರಿಗೆ ಹೋಗುವ ಹೊತ್ತಿನ ವಿಷಯದಲ್ಲಿ ಭಟ್ಟಿಯ ಸ್ವಭಾವವೇ ನಿರ್ಣಾಯಕ. ಕಟ್ಟಿಗೆ ಉರಿಸುವ ಇಟ್ಟಿಗೆಯ ಭಟ್ಟಿಯನ್ನು ಒಮ್ಮೆ ಚೆನ್ನಾಗಿ ಕಾಯಿಸಿ, ಕೆಂಡವನ್ನು ಬದಿಗೆ ಸರಿಸಿದ ಮೇಲೆ ಅದರ ಶಾಖ ತಾಸುಗಟ್ಟಲೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಈ ಇಳಿಕೆಗೆ ತಕ್ಕಂತೆ ಹೆಚ್ಚು ಶಾಖ ಬೇಡುವ ಬ್ರೆಡ್ಡು, ಬನ್ನು, ಪಫ್ಸ್ ಮೊದಲು, ಬಿಸ್ಕತ್ತು ಬಳಿಕ, ಬರೀ ಒಣಗಬೇಕಾದ ರಸ್ಕ್ ಕೊನೆಗೆ ಒಳಹೋಗುತ್ತವೆ. ಡೀಸೆಲ್ ಅಥವಾ ವಿದ್ಯುತ್ತಿನ ರೋಟರಿ ಓವನ್, ಅಂದರೆ ತಟ್ಟೆಗಳ ಗೂಡನ್ನು ಒಳಗೆ ತಿರುಗಿಸುತ್ತ ಬಿಸಿಗಾಳಿಯಿಂದ ಬೇಯಿಸುವ ಯಂತ್ರ ಇರುವೆಡೆ ಈ ಕ್ರಮಕ್ಕೆ ಕಟ್ಟುಬೀಳಬೇಕಿಲ್ಲವಾದರೂ ಮಾರಾಟದ ಲಯ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ: ಬೆಳಗ್ಗೆ ಬ್ರೆಡ್ಡು ಬನ್ನು, ಶಾಲೆ ಕಚೇರಿ ಬಿಡುವ ಸಂಜೆಯ ಹೊತ್ತಿಗೆ ಮತ್ತೊಮ್ಮೆ ಪಫ್ಸ್ ಮತ್ತು ಖಾರದ ಬನ್ನು. ಆದರೂ ಅಂಗಡಿಯಿಂದ ಅಂಗಡಿಗೆ ಇದು ಬೇರೆಯಾಗುವುದರಿಂದ, ‘ಅಣ್ಣಾ, ಪಫ್ಸ್ ಯಾವಾಗ ಇಳಿಸ್ತೀರಿ?’ ಎಂದು ಒಮ್ಮೆ ಕೇಳಿ ತಿಳಿದುಕೊಂಡವರಿಗೆ ಮುಂದಿನ ಭೇಟಿಗಳೆಲ್ಲ ಸುಗಮವಾಗುತ್ತವೆ. ‘ಬಿಸಿ ಇದೆಯಾ?’ ಎಂಬ ಪ್ರಶ್ನೆ ಅಷ್ಟು ಉಪಯುಕ್ತವಲ್ಲ; ದೀಪದ ಶಾಖದ ಪೆಟ್ಟಿಗೆಯಲ್ಲಿಟ್ಟ ನಿನ್ನೆಯ ಪಫ್ಸೂ ಮುಟ್ಟಿದರೆ ಬಿಸಿಯಾಗಿಯೇ ಇರುತ್ತದೆ. ಬೆಳಗಿನ ಬ್ರೆಡ್ಡಿಗಾಗಿ ರಾತ್ರಿಯಿಡೀ ಭಟ್ಟಿಯ ಝಳದಲ್ಲಿ ದುಡಿಯುವ ಕೆಲಸಗಾರರು ಹಗಲಿನ ಗಿರಾಕಿಗಳ ಕಣ್ಣಿಗೆ ಬೀಳುವುದೇ ಇಲ್ಲ. ಇಳಿಸುವ ಹೊತ್ತಿಗೆ ಸರಿಯಾಗಿ ಹೋಗಿ ಕೊಳ್ಳುವುದು ಅವರ ಶ್ರಮಕ್ಕೆ ಸಲ್ಲಬೇಕಾದ ಗೌರವವೂ ಹೌದು.

ಈ ಸೀಮೆಯ ಬೆಳೆಗಳನ್ನು ಬಲ್ಲವರಿಗೆ ಬೇಕರಿಯ ತಟ್ಟೆಯಲ್ಲಿ ಪರಿಚಿತ ವಸ್ತುಗಳೇ ಕಾಣುತ್ತವೆ. ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ತೆಂಗು ದಿಲ್‌ಪಸಂದಿನ ಹೂರಣಕ್ಕೆ ಒದಗುವ ವಸ್ತು. ಪಕ್ಕದ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಹೆಸರು ತಂದ ಕಡಲೆಕಾಯಿಯೇ, ಹುರಿದು, ಸಿಪ್ಪೆ ಕಳೆದು, ಬೇಳೆಯಾಗಿ ಒಡೆದು, ಮೆಣಸು, ಖಾರದಪುಡಿ, ಅರಿಸಿನ, ಕರಿಬೇವುಗಳ ಒಗ್ಗರಣೆ ಹಾಕಿದಾಗ ಕಾಂಗ್ರೆಸ್ ಕಡಲೆಬೀಜವಾಗುತ್ತದೆ. ದಿಲ್‌ಪಸಂದ್ ಎಂದರೆ ಎರಡು ದುಂಡನೆಯ ಹಾಳೆಗಳ ನಡುವೆ ತೆಂಗಿನ ತುರಿ, ಸಕ್ಕರೆ, ಸಕ್ಕರೆಪಾಕದಲ್ಲಿ ಬೇಯಿಸಿ ಬಣ್ಣ ಕಟ್ಟಿದ ಪರಂಗಿಕಾಯಿಯ ಚೂರುಗಳಾದ ಟೂಟಿ ಫ್ರೂಟಿಯನ್ನು ತುಂಬಿ ಬೇಯಿಸಿ, ತ್ರಿಕೋನಾಕಾರದ ತುಂಡುಗಳಾಗಿ ಕತ್ತರಿಸಿದ ತಿನಿಸು. ಫ್ರಾನ್ಸಿನಲ್ಲಿ ಜನವರಿ 6ರ ಎಪಿಫನಿ ಹಬ್ಬಕ್ಕೆ ಬಾದಾಮಿಯ ಹೂರಣ ತುಂಬಿ ಮಾಡುವ ದುಂಡು ಕಡುಬನ್ನು ಕಂಡವರಿಗೆ ಇವೆರಡರ ರೂಪಸಾಮ್ಯ ತಕ್ಷಣ ಹೊಳೆಯುತ್ತದೆ. ಬಾದಾಮಿಯ ಸ್ಥಾನದಲ್ಲಿ ತೆಂಗು ನಿಂತಿದೆ. ಕೊಳ್ಳುವಾಗ ಹೂರಣದ ಕಡೆ ಗಮನವಿಡಬೇಕು: ತೆಂಗಿನಲ್ಲಿ ತೇವವೂ ಎಣ್ಣೆಯೂ ಇರುವುದರಿಂದ ಬೇಸಿಗೆಯಲ್ಲಿ ಅದು ಬೇಗ ಹಳಸುತ್ತದೆ, ಸಾಬೂನಿನಂಥ ಸಣ್ಣ ವಾಸನೆ ಬಂದರೂ ತಿನ್ನಬಾರದು. ಬೆಣ್ಣೆ ಬಿಸ್ಕತ್ತು ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್ಡಿನ ಜಾತಿಯದು. ಅಲ್ಲಿನ ಹಳೆಯ ಅಳತೆ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು. ಜಿಡ್ಡು ಹಿಟ್ಟಿನ ಕಣಗಳನ್ನು ಸುತ್ತಿಕೊಂಡು ಅಂಟು ಬೆಳೆಯದಂತೆ ತಡೆಯುವುದರಿಂದಲೇ ಅದು ಹಲ್ಲಿಗೆ ತಾಗಿದೊಡನೆ ಪುಡಿಯಾಗುತ್ತದೆ.

ಇಲ್ಲಿನ ಹವೆ ಬೇಕರಿಗೆ ಒಂದು ವಿಷಯದಲ್ಲಿ ಅನುಕೂಲವಾಗಿದೆ. ಗರಿಗರಿಯಾದ ತಿನಿಸು ಮೆತ್ತಗಾಗುವುದು ಗಾಳಿಯ ತೇವವನ್ನು ಹೀರಿದಾಗ. ಮಳೆ ಕಡಿಮೆಯಿರುವ ಈ ಬಯಲುಸೀಮೆಯ ಒಣಗಾಳಿಯಲ್ಲಿ ಖಾರದ ಬಿಸ್ಕತ್ತು, ರಸ್ಕುಗಳು ಪಶ್ಚಿಮದ ಮಲೆನಾಡಿನಲ್ಲಿ ಉಳಿಯುವುದಕ್ಕಿಂತ ಹೆಚ್ಚು ದಿನ ಗರಿಯಾಗಿ ಉಳಿಯುತ್ತವೆ. ಅದೇ ಒಣಗಾಳಿ ಬ್ರೆಡ್ಡು ಬನ್ನುಗಳನ್ನು ಬೇಗ ಒರಟಾಗಿಸುತ್ತದೆ. ಹಾಗಾಗಿ ದೂರದ ಊರಿಗೆ ಒಯ್ಯಲು ಇಲ್ಲಿಂದ ಕೊಳ್ಳತಕ್ಕವು ಬಿಸ್ಕತ್ತು, ರಸ್ಕ್, ಕಡಲೆಬೀಜ. ಇಲ್ಲಿಯೇ ತಿಂದು ಮುಗಿಸತಕ್ಕವು ಪಫ್ಸ್ ಮತ್ತು ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಸೇರಿಸಿದ ಖಾರದ ಬನ್ನು.

ಹೆದ್ದಾರಿಯ ಪ್ರಯಾಣಿಕರಿಗೆ ಒಂದು ಸೂಚನೆ ಅಗತ್ಯ. ಬೆಂಗಳೂರಿನಿಂದ ಹಿರಿಯೂರು ಸುಮಾರು 160 ಕಿಲೋಮೀಟರ್, ಚಿತ್ರದುರ್ಗ ಸುಮಾರು 200 ಕಿಲೋಮೀಟರ್ ದೂರದಲ್ಲಿದ್ದು, ರಾಷ್ಟ್ರೀಯ ಹೆದ್ದಾರಿ 48 ಈಗ ಪೇಟೆಗಳನ್ನು ಬಳಸಿಕೊಂಡು ಹೋಗುತ್ತದೆ. ಹೆದ್ದಾರಿಯ ಬದಿಯ ಮಳಿಗೆಗಳಲ್ಲಿ ಸಿಗುವ ತಿನಿಸು ಬೇರೆಡೆ ತಯಾರಾಗಿ ಬಂದಿರುವ ಸಂಭವ ಹೆಚ್ಚು; ಭಟ್ಟಿ ಇರುವ ಬೇಕರಿ ಬೇಕಾದವರು ಊರೊಳಗೆ ಇಳಿಯಲೇಬೇಕು. ಚಿತ್ರದುರ್ಗದಲ್ಲಿ ಗಾಂಧಿ ವೃತ್ತ, ಬಿ.ಡಿ. ರಸ್ತೆ, ಹೊಳಲ್ಕೆರೆ ರಸ್ತೆಯ ಸುತ್ತಲ ವ್ಯಾಪಾರದ ಭಾಗದಲ್ಲಿ ಹುಡುಕುವುದು ಸುಲಭ. ಬೆಳಗಿನ ತಂಪಿನಲ್ಲಿ ಏಳುಸುತ್ತಿನ ಕೋಟೆಯನ್ನು ಹತ್ತಿ ಇಳಿದು, ಬಿಸಿಲೇರುವ ಮೊದಲು ಪೇಟೆಗೆ ಬಂದು ಕಾಫಿಯೊಡನೆ ಬನ್ನೋ ಪಫ್ಸೋ ತಿನ್ನುವ ಕ್ರಮ ಪ್ರವಾಸಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ವಾಣಿವಿಲಾಸ ಸಾಗರ ಜಲಾಶಯವನ್ನು ನೋಡಲು ಹೋಗುವವರು ಹಿರಿಯೂರಿನಲ್ಲಿಯೇ ಕಟ್ಟಿಸಿಕೊಂಡು ಹೊರಡುವುದು ಒಳ್ಳೆಯದು.

ತಂಪು ಪೆಟ್ಟಿಗೆಯ ಕ್ರೀಮ್ ಕೇಕುಗಳಿಗೆ, ಅಂದರೆ ಬೇಕರಿಯ ಮಾತಿನ ಕೂಲ್ ಕೇಕುಗಳಿಗೆ, ಬೇರೆಯೇ ಎಚ್ಚರ ಬೇಕು. ಇವುಗಳ ಮೇಲಿನ ಬಿಳಿಯ ಕ್ರೀಮ್ ಬಹುಪಾಲು ಹಾಲಿನದಲ್ಲ, ಸಸ್ಯಜನ್ಯ ಜಿಡ್ಡಿಗೆ ಸಕ್ಕರೆ ಸೇರಿಸಿ ನೊರೆಯಾಗುವಂತೆ ಕಡೆದದ್ದು. ಹಾಲಿನ ಕೆನೆ ನಿಲ್ಲದ ಶಾಖದಲ್ಲಿಯೂ ಅದು ಆಕಾರ ಬಿಡದೆ ನಿಲ್ಲುತ್ತದೆ. ಮೊಟ್ಟೆಯಿಲ್ಲದ ಸ್ಪಂಜಿನಲ್ಲಿ ಮೊಟ್ಟೆಯ ಕೆಲಸವನ್ನು ಮೊಸರು ಅಥವಾ ಗಟ್ಟಿಹಾಲು ಮತ್ತು ಸೋಡಾ ಮಾಡುತ್ತವೆ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಕೇಕಿನಲ್ಲಿ ಚೆರ್ರಿಯಿಂದ ಇಳಿಸಿದ ಮದ್ಯ ಸೇರುತ್ತದೆ. ಇಲ್ಲಿನದರಲ್ಲಿ ಸಕ್ಕರೆಯ ಪಾಕವಿರುತ್ತದೆ, ಮೇಲಿನ ಕೆಂಪು ಹಣ್ಣು ಅನೇಕ ವೇಳೆ ಬಣ್ಣ ಕಟ್ಟಿ ಪಾಕದಲ್ಲಿಟ್ಟ ಕವಳೆ ಹಣ್ಣಾಗಿರುತ್ತದೆ. ಬಣ್ಣದ ವಿಷಯ ಲಘುವಾದುದಲ್ಲ. 2024ರ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಬೇಕರಿಗಳಿಂದ ತೆಗೆದ 235 ಕೇಕ್ ಮಾದರಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದಾಗ 12 ಮಾದರಿಗಳಲ್ಲಿ ಕೃತಕ ಬಣ್ಣಗಳು ಅಪಾಯಕಾರಿ ಪ್ರಮಾಣದಲ್ಲಿದ್ದುದು ತಿಳಿದುಬಂತು, ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್ ಕೇಕುಗಳ ಹೆಸರು ಆಗ ಮುಖ್ಯವಾಗಿ ಕೇಳಿಬಂತು. ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ಹೇಳುವ ಪೋಷಕರು ಕಡುಗೆಂಪು, ಕಡುಹಸಿರು, ಕಡುನೀಲಿಗಳನ್ನು ಬಿಟ್ಟು ಚಾಕೊಲೇಟಿನದನ್ನೋ ಬಿಳಿಯದನ್ನೋ ಆರಿಸಿದರೆ ಚಿಂತೆ ಕಡಿಮೆಯಾಗುತ್ತದೆ.

ಅಂಗಡಿಯ ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಕಾಣುವಂತಿರಬೇಕೆಂಬುದು ನಿಯಮ. ಪೊಟ್ಟಣದ ಮೇಲೆ ತಯಾರಿಕೆಯ ದಿನಾಂಕ, ಬಳಸಬಹುದಾದ ಅವಧಿ, ಪದಾರ್ಥಗಳ ಪಟ್ಟಿ ಇರಬೇಕು. ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮೊಟ್ಟೆ ಸೇರಿದ್ದರೆ ಮಾಂಸಾಹಾರದ ಕಂದು ಗುರುತು. ಬ್ರೆಡ್ ಹಿಟ್ಟನ್ನು ಬಲಗೊಳಿಸಲು ಹಿಂದೆ ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ 2016ರಿಂದ ನಿಷಿದ್ಧವಾಗಿದೆ. ದೂರುಗಳಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳ ಕಚೇರಿಗೆ ಸಲ್ಲಿಸಬಹುದು.

ಬೇಕರಿಯ ತಿನಿಸಿನಷ್ಟೇ ಕಾಫಿಗೂ ಈ ಸೀಮೆಯಲ್ಲಿ ಹತ್ತಿರದ ಬೇರುಗಳಿವೆ. ಸೂಫಿ ಸಂತ ಬಾಬಾಬುಡನ್ ಯೆಮನ್ನಿನ ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ನೆಟ್ಟರೆಂದು ಪ್ರತೀತಿಯಿರುವ ಗಿರಿಶ್ರೇಣಿ ಪಕ್ಕದ ಚಿಕ್ಕಮಗಳೂರು ಜಿಲ್ಲೆಯದು. ಹೊಸದುರ್ಗ ತಾಲ್ಲೂಕಿನ ಗಡಿ ಆ ಜಿಲ್ಲೆಗೆ ತಾಗಿಕೊಂಡಿದೆ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದ್ದು, ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಕರ್ನಾಟಕವೇ ಬೆಳೆಯುತ್ತದೆ. ಇಷ್ಟು ಹತ್ತಿರವಿದ್ದೂ ಬಯಲುಸೀಮೆಯ ಬೇಕರಿಗಳ ಮುಂದೆ ಹೆಚ್ಚಾಗಿ ಖರ್ಚಾಗುವುದು ಚಹಾ. ಒಳ್ಳೆಯ ಕಾಫಿ ಬೇಕೆಂದರೆ ಸ್ವಲ್ಪ ಹುಡುಕಬೇಕಾಗುತ್ತದೆ. ಕೌಂಟರಿನ ಹಿಂದೆ ಹಿತ್ತಾಳೆಯದೋ ಸ್ಟೀಲಿನದೋ ಫಿಲ್ಟರ್ ಇದೆಯೇ, ಅಥವಾ ಗುಂಡಿ ಒತ್ತಿದರೆ ಹಾಲು ಸಕ್ಕರೆ ಸಮೇತ ಸುರಿಯುವ ಪೆಟ್ಟಿಗೆಯಿದೆಯೇ ಎಂದು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ.

ಫಿಲ್ಟರ್ ಎಂದರೆ ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳ ಸಾಧನ. ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅದರಲ್ಲಿ ಪುಡಿಯನ್ನು ಹರಡಿ, ಹಗುರವಾಗಿ ಒತ್ತಿ, ಕುದಿ ಇಳಿದ ನೀರನ್ನು ಸುತ್ತಲೂ ಬೀಳುವಂತೆ ಹೊಯ್ದು ಮುಚ್ಚಿದರೆ, ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಹನಿಹನಿಯಾಗಿ ಕೆಳಗೆ ಇಳಿಯುವ ಕಪ್ಪು ಕಷಾಯವೇ ಡಿಕಾಕ್ಷನ್. ಪುಡಿಯನ್ನು ಗಟ್ಟಿಯಾಗಿ ಒತ್ತಿದರೆ ನೀರು ಇಳಿಯದೆ ಕಹಿಯಾಗುತ್ತದೆ, ಸಡಿಲಬಿಟ್ಟರೆ ಸೋರಿಹೋಗಿ ತೆಳುವಾಗುತ್ತದೆ. ಅದೇ ಪುಡಿಗೆ ಮತ್ತೆ ನೀರು ಹೊಯ್ದು ತೆಗೆಯುವ ಎರಡನೇ ಡಿಕಾಕ್ಷನ್ನಿಗೆ ಬಣ್ಣವಿರುತ್ತದೆಯೇ ಹೊರತು ಪರಿಮಳವಿರುವುದಿಲ್ಲ. ಬೆಳಗ್ಗೆ ತೆಗೆದದ್ದನ್ನು ಸಂಜೆಯವರೆಗೆ ಕಾಯಿಸುತ್ತ ಹೋದರೆ ಸುಟ್ಟ ರುಚಿ ಬರುತ್ತದೆ. ಆದ್ದರಿಂದ ಕಾಫಿಗೂ ಹೊಸ ಡಿಕಾಕ್ಷನ್ ಇಳಿಯುವ ಬೆಳಗಿನ ಮೊದಲ ತಾಸುಗಳೇ ಪ್ರಶಸ್ತ. ಪುಡಿಯಲ್ಲಿ ಚಿಕೋರಿಯ ಪಾಲು ಎಷ್ಟೆಂಬುದೂ ಮುಖ್ಯ. ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಕಾಫಿಗೆ ಗಾಢ ಬಣ್ಣ, ಮಂದತನ, ಸಣ್ಣ ಕಹಿ ಕೊಡುತ್ತದೆ, ಅದರಲ್ಲಿ ಕೆಫೀನ್ ಇರುವುದಿಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ತೂಕದಲ್ಲಿ ಶೇ. 51ಕ್ಕಿಂತ ಕಡಿಮೆಯಿರಬಾರದೆಂದೂ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಕಾನೂನಿದೆ. ಹಾಲು ಹೆಚ್ಚು ಬಳಸುವ ನಮ್ಮ ಪದ್ಧತಿಗೆ ಶೇ. 20ರ ಸುಮಾರಿನ ಚಿಕೋರಿ ಹಿತವಾಗಿ ಹೊಂದುತ್ತದೆ. ಅರ್ಧಕ್ಕೆ ಸಮೀಪಿಸಿದರೆ ಕಾಫಿಯ ವಾಸನೆಯೇ ಹಿಂದೆ ಸರಿಯುತ್ತದೆ.

ಎಸ್‌ಪ್ರೆಸೊ ಎಂಬ ಹೆಸರಿನಲ್ಲಿ ಮದುವೆ ಮನೆಗಳಲ್ಲಿಯೂ ಕೆಲವು ಅಂಗಡಿಗಳಲ್ಲಿಯೂ ಕೊಡುವುದು, ಹಾಲಿಗೆ ದಿಢೀರ್ ಕಾಫಿಪುಡಿ ಬೆರೆಸಿ ಆವಿಯ ನಳಿಕೆಯಿಂದ ನೊರೆಯೆಬ್ಬಿಸಿದ ಪಾನೀಯ. ಇಟಲಿಯ ಎಸ್‌ಪ್ರೆಸೊ ಎಂದರೆ ನಯವಾಗಿ ಬೀಸಿದ ಪುಡಿಯ ಮೂಲಕ ವಾಯುಮಂಡಲದ ಒತ್ತಡದ ಸುಮಾರು ಒಂಬತ್ತು ಪಟ್ಟು ಬಲದಲ್ಲಿ ಬಿಸಿನೀರನ್ನು ಅರ್ಧ ನಿಮಿಷದೊಳಗೆ ಹಾಯಿಸಿ ತೆಗೆದ ಚಿಕ್ಕ ಲೋಟದ ಕಷಾಯ; ಅದಕ್ಕೆ ಆವಿಯಲ್ಲಿ ಕಾಯಿಸಿದ ಹಾಲು, ನೊರೆ ಸೇರಿದರೆ ಕ್ಯಾಪುಚಿನೊ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ವಿ.ಜಿ. ಸಿದ್ಧಾರ್ಥ ಅವರು ತೆರೆದ ಕೆಫೆ ಕಾಫಿ ಡೇ ಮಳಿಗೆಯ ಬಳಿಕ ಈ ಪಾನೀಯಗಳು ಹೆದ್ದಾರಿಗಳವರೆಗೂ ಹರಡಿವೆಯಾದರೂ, ಬೇಕರಿಯ ತಿನಿಸಿನೊಡನೆ ಹೊಂದುವ ಗುಣದಲ್ಲಿ ಫಿಲ್ಟರ್ ಕಾಫಿಗೆ ಮೇಲುಗೈ. ಖಾರದ ಬನ್ನಿಗೆ ಸಕ್ಕರೆಯುಳ್ಳ ಸ್ಟ್ರಾಂಗ್ ಕಾಫಿ ಜೊತೆಯಾಗುತ್ತದೆ. ದಿಲ್‌ಪಸಂದ್, ಜಾಮ್ ಬನ್ನುಗಳಿಗೆ ಸಕ್ಕರೆ ಕಡಿಮೆ ಹೇಳಬೇಕು, ಇಲ್ಲವಾದರೆ ಎರಡರ ರುಚಿಯೂ ಕೆಡುತ್ತದೆ. ಉಪ್ಪಿನ ಬೆಣ್ಣೆ ಬಿಸ್ಕತ್ತನ್ನು ಅದ್ದದೆ ತಿನ್ನುವುದು, ರಸ್ಕನ್ನು ಅದ್ದಿಯೇ ತಿನ್ನುವುದು ಸೂಕ್ತ. ಇಬ್ಬರು ಹೋದರೆ ಬೈ ಟು, ಅಂದರೆ ಒಂದು ಕಾಫಿಯನ್ನು ಇಬ್ಬರಿಗೆ ಹಂಚಿ ಕೊಡಲು, ಹೇಳುವುದು ಎಲ್ಲೆಡೆ ನಡೆಯುವ ರೂಢಿ. ಉಳಿದ ಅರ್ಧ ಕಾಫಿ ಆರಿಹೋಗುವುದೂ ಅದರಿಂದ ತಪ್ಪುತ್ತದೆ.

ಡಿಸೆಂಬರಿನ ಕೊನೆಯ ವಾರ ಬೇಕರಿಗಳ ಪಾಲಿಗೆ ವರ್ಷದ ದೊಡ್ಡ ಹಂಗಾಮು. ಕ್ರಿಸ್‌ಮಸ್ಸಿನ ಪ್ಲಮ್ ಕೇಕಿಗಿಂತಲೂ ಹೆಚ್ಚಾಗಿ 31ರ ರಾತ್ರಿಯ ಹೊಸವರ್ಷದ ಕೇಕಿಗೆ ಪಟ್ಟಣಗಳಲ್ಲಿ ಬೇಡಿಕೆಯಿದ್ದು, ಅಂಗಡಿಗಳ ಮುಂದೆ ಶಾಮಿಯಾನ ಹಾಕಿ ಕೇಕುಗಳನ್ನು ಸಾಲಾಗಿ ಜೋಡಿಸುತ್ತಾರೆ. ಅಷ್ಟೊಂದನ್ನು ಒಂದೇ ದಿನದಲ್ಲಿ ಮಾಡಲು ಸಾಧ್ಯವಿಲ್ಲವಾದ್ದರಿಂದ ಸ್ಪಂಜುಗಳು ಮುಂಚೆಯೇ ತಯಾರಾಗಿರುತ್ತವೆ, ಹೊರಗಿಟ್ಟ ಕ್ರೀಮ್ ತಂಪಿನಲ್ಲಿರುವುದಿಲ್ಲ. ಆ ದಿನ ತಾಜಾ ಕೇಕ್ ಬೇಕಾದವರು ನಾಲ್ಕೈದು ದಿನ ಮೊದಲೇ ತೂಕ, ಮೊಟ್ಟೆ ಬೇಕೋ ಬೇಡವೋ, ಒಯ್ಯುವ ವೇಳೆ ಇವನ್ನು ಬರೆಸಿ ಮುಂಗಡ ಕೊಡಬೇಕು. ಒಣಹಣ್ಣಿನ ಪ್ಲಮ್ ಕೇಕ್ ಸಕ್ಕರೆ, ಹಣ್ಣುಗಳ ಬಲದಿಂದ ಹಲವು ದಿನ ಕೆಡದೆ ಇರುವುದರಿಂದ ಉಡುಗೊರೆಗೆ ಅದೇ ಹೆಚ್ಚು ಭರವಸೆಯದು.

ಮನೆಗೆ ಒಯ್ದ ಮೇಲಿನ ಜೋಪಾನವೂ ತಿಳಿದಿರಬೇಕು. ಬಿಸಿ ಪಫ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿದರೆ ಅದರದೇ ಆವಿಯಿಂದ ಮೆತ್ತಗಾಗುತ್ತದೆ, ಕಾಗದದ ಪೊಟ್ಟಣದಲ್ಲಿ ಬಾಯಿ ತೆರೆದು ಒಯ್ಯಬೇಕು. ಕ್ರೀಮ್ ಕೇಕನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಡಬಾರದು. ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡುವ ಅಭ್ಯಾಸ ವ್ಯಾಪಕವಾಗಿದೆ, ಆದರೆ ಬೆಂದಾಗ ಮೆದುವಾಗಿದ್ದ ಪಿಷ್ಟ ಮತ್ತೆ ಹರಳುಗಟ್ಟಿ ಬ್ರೆಡ್ಡನ್ನು ಒರಟಾಗಿಸುವ ಕ್ರಿಯೆ ಫ್ರಿಜ್ಜಿನ ತಂಪಿನಲ್ಲಿಯೇ ಅತಿ ವೇಗವಾಗಿ ನಡೆಯುತ್ತದೆ. ಎರಡು ದಿನದೊಳಗೆ ಮುಗಿಯುವಷ್ಟನ್ನು ಹೊರಗೆ ಮುಚ್ಚಿಟ್ಟು, ಉಳಿದದ್ದನ್ನು ಫ್ರೀಜರಿನಲ್ಲಿಡುವುದು ಮೇಲು. ಒರಟಾದ ಬನ್ನಿಗೆ ಒಂದೆರಡು ಹನಿ ನೀರು ಚಿಮುಕಿಸಿ, ಮುಚ್ಚಿದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಅದು ಮತ್ತೆ ಮೆದುವಾಗುತ್ತದೆ. ಆರಿದ ಪಫ್ಸಿಗೆ ಮೈಕ್ರೋವೇವ್ ಸಲ್ಲದು, ಹಾಳೆಗಳು ರಬ್ಬರಿನಂತಾಗುತ್ತವೆ. ಮುಚ್ಚಳ ಹಾಕದೆ ದಪ್ಪ ತಳದ ಕಾವಲಿಯ ಮೇಲೆ, ಸಣ್ಣ ಉರಿಯಲ್ಲಿ, ಎರಡೂ ಬದಿಗೆ ನಾಲ್ಕೈದು ನಿಮಿಷ ಇಟ್ಟರೆ ತೇವ ಹಾರಿ ಹಾಳೆಗಳು ಮತ್ತೆ ಬಿಡಿಯಾಗುತ್ತವೆ.